ನೀರು ಕುಡಿಯದವರ ಬಯಲು

ಬಿಸಿಲಿಗೆ ಬಿದ್ದು ಆಸ್ಪತ್ರೆ ಸೇರಿದ್ದೆ ಎಂದರೆ ನಮ್ಮ ಬೇಲೆಕೇರಿಯಲ್ಲಿ ಜನ ಮೊದಲು ನಗುತ್ತಾರೆ. ನಗಬೇಕಾದ ಮಾತೇ ಅದು. ನಾವು ಮೀನು ಒಣಗಿಸುವವರು. ಬೇರೆಯವರು ಬೇಸಿಗೆಯಲ್ಲಿ ಮೋಡ ಕಂಡರೆ ಹಿಗ್ಗುತ್ತಾರೆ, ನಾವು ಮೋಡಕ್ಕೆ ಬೈಯುತ್ತೇವೆ. ಮದುವೆಯಾಗಿ ಈ ಮನೆಗೆ ಬಂದಂದಿನಿಂದ ಮಳೆಗಾಲವೊಂದು ಬಿಟ್ಟು ಉಳಿದ ಹಗಲನ್ನೆಲ್ಲ ಬಯಲಿನಲ್ಲೇ ಕಳೆದವಳು ನಾನು. ನನಗೆ ಬಿಸಿಲು ತಾಗುವುದೆಂದರೆ ಮೀನಿಗೆ ನೆಗಡಿಯಾದ ಹಾಗೆ ಎಂದು ನಾನೇ ಎಷ್ಟೋ ಸಲ ತಮಾಷೆ ಮಾಡಿದ್ದೇನೆ.

ಅದಾದ ಮೇಲೆ ಎರಡು ಬೇಸಿಗೆ ಕಳೆದಿದ್ದೇನೆ. ಆರಾಮಾಗಿದ್ದೇನೆ, ಮೊದಲಿನಷ್ಟೇ ಬಾಯಿ ಮಾಡುತ್ತೇನೆ, ಮೊದಲಿನಷ್ಟೇ ಮೀನು ಒಣಗಿಸುತ್ತೇನೆ. ಆದರೂ ಅಂಕೋಲೆಯ ಮೀನುಪೇಟೆಯಲ್ಲಿ ಯಾರಾದರೊಬ್ಬರು ನನ್ನ ಬುಟ್ಟಿಯ ಹತ್ತಿರ ಬಂದು, ಒಣ ಶೆಟ್ಲಿ, ಅಂದರೆ ಸೀಗಡಿ, ಮೂಸಿದ ಹಾಗೆ ಮಾಡಿ, ತಗ್ಗಿದ ದನಿಯಲ್ಲಿ ಕೇಳುವುದು ಇನ್ನೂ ನಿಂತಿಲ್ಲ. "ಡಯಾಲಿಸಿಸ್ ಅಂದ್ರೆ ನೋವಾಗ್ತದಾ? ಕಿಡ್ನಿ ಒಂದ್ಸಲ ಹೋದ್ರೆ ಬರ್ತದಾ?" ಸಂತೆಯ ಗದ್ದಲದಲ್ಲಿ ಎಷ್ಟೆಂದು ಹೇಳಲಿ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಹೆದರಿಕೊಂಡವರು ಒಂದು ಸಲ ಓದಲಿ. ಹೆದರದವರು ಎರಡು ಸಲ ಓದಲಿ.

ನಮ್ಮ ಬಯಲು ಇರುವುದು ದೋಣಿ ಬಂದು ನಿಲ್ಲುವ ಧಕ್ಕೆಗೂ ಹಳ್ಳಕ್ಕೂ ನಡುವೆ, ಮರಳಿನ ಮೇಲೆ. ದೋಣಿಯಿಂದ ಇಳಿದ ತಾರ್ಲೆಯನ್ನೋ ಬಂಗಡೆಯನ್ನೋ ಶೆಟ್ಲಿಯನ್ನೋ ತೊಳೆದು, ಉಪ್ಪು ಬೇಕಾದದ್ದಕ್ಕೆ ಉಪ್ಪು ಹಾಕಿ, ಹಳೆಯ ಬಲೆ ಹಾಸಿ ಅದರ ಮೇಲೆ ಹರಡುತ್ತೇವೆ. ಹರಡಿ ಮನೆಗೆ ಹೋಗುವ ಹಾಗಿಲ್ಲ. ಕಾಗೆ, ಗಿಡುಗ, ನಾಯಿ ಎಲ್ಲವೂ ನಾವು ಬೆನ್ನು ತಿರುಗಿಸುವುದನ್ನೇ ಕಾಯುತ್ತಿರುತ್ತವೆ. ಹೊತ್ತು ನೆತ್ತಿಗೆ ಬಂದಾಗ ಮಗುಚಬೇಕು, ಸಂಜೆ ರಾಶಿ ಮಾಡಬೇಕು. ಅಲ್ಲಿಯವರೆಗೆ ತಲೆಯ ಮೇಲೆ ಸೆರಗು, ಕೈಯಲ್ಲಿ ಕೋಲು.

ಆ ಹೊತ್ತಿನಲ್ಲಿ ನಾವು ನೀರು ಕುಡಿಯುತ್ತಿರಲಿಲ್ಲ. ಕುಡಿಯಬೇಡಿ ಎಂದು ಯಾರೂ ಹೇಳಿರಲಿಲ್ಲ. ಕೊಡದ ತುಂಬ ಸಿಹಿನೀರು ಪಕ್ಕದಲ್ಲೇ ಇರುತ್ತಿತ್ತು. ಕುಡಿದರೆ ಹೋಗಬೇಕಾಗುತ್ತದೆ, ಎಲ್ಲಿಗೆ ಹೋಗುವುದು? ಬಯಲೆಂದರೆ ಬಯಲು. ಒಂದು ಕಡೆ ಧಕ್ಕೆಯ ಮೇಲೆ ಗಂಡಸರು, ಇನ್ನೊಂದು ಕಡೆ ಬಲೆ ಹೊಲಿಯುವ ಗಂಡಸರು. ಮನೆಗೇ ಹೋಗಿ ಬರೋಣವೆಂದರೆ ಅವರೆಲ್ಲರ ಮುಂದೆ ಹಾದು ಹೋಗಬೇಕು. ನಮ್ಮ ಕಡೆಯವರಿಗೋ ಒಂದು ಅಭ್ಯಾಸ, ಎದುರಿಗೆ ಸಿಕ್ಕವರನ್ನು "ಎಲ್ಲಿಗ್ ಹೊರಟಿ?" ಎಂದು ಕೇಳದೆ ಬಿಡುವುದಿಲ್ಲ. ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಏನೆಂದು ಹೇಳುವುದು?

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ನನ್ನನ್ನು ಮೊದಲ ಸಲ ಬಯಲಿಗೆ ಕರೆದುಕೊಂಡು ಹೋಗುವಾಗ ಹೇಳಿದ್ದು ಇಷ್ಟೇ: "ಹೊರಡೂ ಮೊದ್ಲು ಒಂದ್ ಲೋಟ ಚಾ ಕುಡಿ. ಆಮೇಲೆ ಸಂಜಿ ತನ್ಕ ಬಾಯಿ ಕಟ್ಟು." ನಾನು ಕಟ್ಟಿದೆ. ಮೊದಲ ವಾರ ತಲೆ ಸಿಡಿಯಿತು, ಆಮೇಲೆ ರೂಢಿಯಾಯಿತು. ಕೊನೆಕೊನೆಗೆ ಅದು ಹೆಮ್ಮೆಯೇ ಆಗಿಬಿಟ್ಟಿತು. ನಡುಹೊತ್ತಿನಲ್ಲಿ ಎದ್ದು ಮನೆಗೆ ಓಡುವ ಹೊಸ ಸೊಸೆಯರನ್ನು ಕಂಡರೆ ನಾನೂ ದೇವಕಿಯೂ ಮುಖ ಮುಖ ನೋಡಿಕೊಂಡು ನಗುತ್ತಿದ್ದೆವು. ದೇವಕಿ ನನ್ನ ನೆರೆಮನೆಯವಳು. ಬಯಲಿನಲ್ಲೂ ನನ್ನ ಬಲೆಯ ಪಕ್ಕದ ಬಲೆ ಅವಳದು.

ಅದು ಮೇ ತಿಂಗಳು. ಮಳೆಗಾಲಕ್ಕೆ ದೋಣಿ ದಡ ಸೇರುವ ಮೊದಲು ಆದಷ್ಟು ಒಣಗಿಸಿಕೊಳ್ಳುವ ಅವಸರ. ತಾರ್ಲೆ ರಾಶಿ ರಾಶಿ ಬಿದ್ದಿತ್ತು. ಕೆಲವು ದಿನಗಳಿಂದ ಗಾಳಿ ಎಂಬುದೇ ಇರಲಿಲ್ಲ, ಸಮುದ್ರವೂ ಕಾಯಿಸಿಟ್ಟ ಎಣ್ಣೆಯ ಹಾಗೆ ಅಲುಗಾಡದೆ ಬಿದ್ದಿತ್ತು. ನನಗೆ ಹಿಂದಿನ ದಿನದಿಂದಲೇ ತಲೆ ನೋಯುತ್ತಿತ್ತು, ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಚಾ ಕೂಡ ಅರ್ಧಕ್ಕೇ ಬಿಟ್ಟೆ. ದೇವಕಿ ನನ್ನ ಮುಖ ನೋಡಿ, "ನೀ ಇವತ್ ಮನಿಗ್ ಹೋಗೇ ಮೋಹಿನಿ, ಮುಖ ಎಲ್ಲಾ ಕೆಂಪಾಗದೆ," ಎಂದಳು. ನಾನು, "ನನ್ ಮುಖ ನೋಡೂದ್ ಬಿಡು, ನಿನ್ ಮೀನ್ ಕಾಗೆ ತಕಂಡ್ ಹೋಯ್ತು ನೋಡು," ಎಂದೆ.

ಮಗುಚುವ ಹೊತ್ತಿಗೆ ಒಂದು ವಿಚಿತ್ರ ಕಂಡಿತು. ನಮ್ಮ ಕರಾವಳಿಯಲ್ಲಿ ಬೇಸಿಗೆ ಎಂದರೆ ಬೆವರು. ಕೂತರೂ ಬೆವರು, ಮಲಗಿದರೂ ಬೆವರು, ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು. ಅಂಥದ್ದರಲ್ಲಿ ನನ್ನ ತೋಳು ಒಣಗಿತ್ತು. ಕುತ್ತಿಗೆ ಮುಟ್ಟಿ ನೋಡಿದೆ, ಅದೂ ಒಣಗಿತ್ತು. ನನಗೆ ಸಂತೋಷವೇ ಆಯಿತು. "ಗಾಳಿ ಬಂತು ಕಾಣ್ತದೆ," ಎಂದೆ. ದೇವಕಿ ತಲೆ ಎತ್ತಿ ಸಮುದ್ರ ನೋಡಿ, "ಎಲ್ಲಿ ಗಾಳಿ?" ಎಂದಳು. ನನಗೆ ಇಷ್ಟು ಮಾತ್ರ ನೆನಪಿದೆ. ನೀವು ಬೇರೇನು ಮರೆತರೂ ಇದೊಂದನ್ನು ಮರೆಯಬೇಡಿ, ಉರಿಬಿಸಿಲಿನಲ್ಲಿ ಬೆವರು ತಾನಾಗಿ ನಿಂತರೆ ಅದು ಗಾಳಿ ಅಲ್ಲ.

ಮುಂದಿನದೆಲ್ಲ ದೇವಕಿ ಹೇಳಿದ್ದು. ಅವಳು ಹೇಳುವಾಗ ಉಪ್ಪು ಖಾರ ಸೇರಿಸುತ್ತಾಳೆ, ಆದರೂ ನಂಬದೆ ಬೇರೆ ದಾರಿಯಿಲ್ಲ. ನಾನು ಚಳಿ ಚಳಿ ಎಂದು ಸೆರಗು ಹೊದ್ದುಕೊಂಡೆನಂತೆ. ಕಾಗೆಗಳನ್ನು ಹೆಸರಿಟ್ಟು ಕರೆದು ಬೈದೆನಂತೆ. ಆಮೇಲೆ ದೇವಕಿಯನ್ನು "ಆಯಿ" ಎಂದು ಕರೆದು, ಶಾಲೆಗೆ ಹೊತ್ತಾಯಿತು, ತಲೆ ಬಾಚು ಎಂದು ಅವಳ ಮುಂದೆ ಬೆನ್ನು ಹಾಕಿ ಕೂತೆನಂತೆ. ನನ್ನನ್ನು ಹೆತ್ತ ಆಯಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ದೇವಕಿ ನನ್ನ ತಲೆಗೆ ಕೈಯಿಟ್ಟು ನೋಡಿದರೆ ಒಲೆಯ ಮೇಲಿನ ಕಾವಲಿ ಮುಟ್ಟಿದ ಹಾಗಿತ್ತಂತೆ. ಅಷ್ಟರಲ್ಲಿ ನಾನು ಹರಡಿದ ತಾರ್ಲೆಯ ಮೇಲೆಯೇ ಉರುಳಿಬಿದ್ದೆ.

ಹೆಂಗಸರೆಲ್ಲ ಸೇರಿದರು. ಅತ್ತೆ ಆಗ ಬಯಲಿನ ಆ ತುದಿಯಲ್ಲಿದ್ದರು. ಅವರು ಓಡಿ ಬಂದು, ಏನೋ ಸೋಂಕಿದೆ, ಮನೆಗೆ ಸಾಗಿಸಿ, ಕಂಬಳಿ ಹೊದೆಸಿ ಬಿಸಿ ಕಷಾಯ ಕುಡಿಸಬೇಕು ಎಂದರು. ನಾನು ನಡುಗುತ್ತಿದ್ದೆನಲ್ಲ, ಹಾಗಾಗಿ ಅವರಿಗೆ ಚಳಿಜ್ವರ ಎಂದೇ ಕಂಡಿತು. ಹಿರಿಯರ ಮಾತು, ನಾಲ್ಕು ಜನ ಎತ್ತಲೂ ಬಗ್ಗಿದರು. ಅದೇ ಹೊತ್ತಿಗೆ ಧಕ್ಕೆಯ ಹತ್ತಿರ ಐಸಿನ ಟೆಂಪೋ ಬಂದು ನಿಂತದ್ದು ದೇವಕಿಯ ಕಣ್ಣಿಗೆ ಬಿತ್ತು.

"ಐಸ್ ತನ್ನಿ," ಎಂದಳಂತೆ ದೇವಕಿ.

"ಕಾದ ಮೈಗೆ ಐಸ್ ಹಾಕ್ರೆ ಸನ್ನಿ ಆಗ್ತದೆ. ಅದ್ಕೆ ಐಸ್ ಮುಟ್ಸಬೇಡಿ," ಎಂದು ಅತ್ತೆ ಅಡ್ಡ ನಿಂತರು.

"ಮೀನು ಬಿಸ್ಲಿಗೆ ಮೆತ್ತಗಾಗೂಕೆ ಹತ್ತಿದ್ರೆ ನಾವ್ ಎಂತ ಮಾಡ್ತೇವೆ ಅತ್ತೆ? ಕಂಬಳಿ ಹೊದೆಸ್ತೇವಾ?"

ಇದು ಜಾಣತನದ ಮಾತಲ್ಲ, ಹೆದರಿಕೆಯಲ್ಲಿ ಬಂದದ್ದು ಎಂದು ದೇವಕಿಯೇ ಹೇಳುತ್ತಾಳೆ. ಅವಳಿಗೆ ಗೊತ್ತಿದ್ದದ್ದು ಅದೊಂದೇ ಉಪಾಯ. ನನ್ನನ್ನು ತಾಡಪತ್ರಿಯ ಮೇಲೆ ಮಲಗಿಸಿ, ನೋಡಲು ಬಂದ ಗಂಡಸರ ಕೈಗೆ ಸಲಿಕೆ ಕೊಟ್ಟು, ಕಂಕುಳು, ಕುತ್ತಿಗೆ, ತೊಡೆ ಎಲ್ಲ ಮುಚ್ಚುವ ಹಾಗೆ ಪುಡಿ ಐಸು ಸುರಿಸಿದಳು. ಬಂಗಡೆಯನ್ನು ಪೆಟ್ಟಿಗೆಯಲ್ಲಿ ತುಂಬುವ ಕ್ರಮದಲ್ಲೇ ತುಂಬಿದರು. ಅತ್ತೆ ಬೈಯುತ್ತಲೇ ಇದ್ದರು, ದೇವಕಿ ಸುರಿಸುತ್ತಲೇ ಇದ್ದಳು. ಆಮೇಲೆ ಅದೇ ಟೆಂಪೋದಲ್ಲಿ, ಐಸಿನ ಸಮೇತ, ಅಂಕೋಲೆಗೆ ಹೊರಟೆವು. ಅಲ್ಲಿಯ ಡಾಕ್ಟರು ನನ್ನ ಮೈಮೇಲಿನ ಮೀನಿನ ಹುರುಪೆ ಒರೆಸಿ ಜ್ವರ ನೋಡಿದರಂತೆ. ಆಮೇಲೆ, "ಐಸು ಹಾಕಿದ್ದು ಯಾರು?" ಎಂದು ಕೇಳಿದರು. ದೇವಕಿ ಬೈಸಿಕೊಳ್ಳಲು ತಯಾರಾಗಿ ಮುಂದೆ ಬಂದಳು. ಅವರು, "ಇನ್ನಷ್ಟು ಇದ್ದರೆ ತನ್ನಿ," ಎಂದರು.

ಅಲ್ಲಿಂದ ಕಾರವಾರ. ಕಣ್ಣು ಬಿಟ್ಟಾಗ ಮೇಲೆ ಫ್ಯಾನು ತಿರುಗುತ್ತಿತ್ತು, ಪಕ್ಕದಲ್ಲಿ ನಮ್ಮನೆಯವರು ಕೂತಿದ್ದರು. ಅವರು ದೋಣಿಯ ತಾಂಡೇಲರು, ಇಪ್ಪತ್ತು ಮೂವತ್ತು ಜನರನ್ನು ಸಮುದ್ರಕ್ಕೆ ಕರೆದುಕೊಂಡು ಹೋಗಿ ತರುವವರು. ಅವರ ಕಣ್ಣಲ್ಲಿ ನೀರು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಕೇಳಿದ ಮೊದಲ ಮಾತು, "ಮೀನ್ ಯಾರ್ ಮಗುಚಿದ್ರು?"

"ಮೀನ್ ಸಾಯ್ಲಿ," ಎಂದರು ಅವರು.

"ಅದು ಆವಾಗ್ಲೇ ಸತ್ತದೆ," ಎಂದೆ.

ಅವರಿಗೆ ನಗು ಅಳು ಎರಡೂ ಒಟ್ಟಿಗೆ ಬಂತು. ಇವಳು ಉಳಿಯುತ್ತಾಳೆ ಎಂಬ ಧೈರ್ಯ ಬಂದದ್ದು ಆಗಲೇ ಎಂದು ಆಮೇಲೆ ಹೇಳಿದರು. ಆದರೆ ನಿಜವಾದ ಪರೀಕ್ಷೆ ಇನ್ನೂ ಶುರುವಾಗಿರಲಿಲ್ಲ. ಸಂಜೆಯ ಹೊತ್ತಿಗೆ ಡಾಕ್ಟರಮ್ಮ ಬಂದರು. ಘಟ್ಟದ ಮೇಲಿನವರು, ಚಿಕ್ಕ ವಯಸ್ಸು, ಮಾತು ಮೆತ್ತಗೆ. ಜ್ವರ ಇಳಿದಿದೆ, ತಲೆಗೆ ಏನೂ ಆಗಿಲ್ಲ, ಆದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ ಎಂದರು. ಎರಡೂ ಕೆಲಸ ನಿಲ್ಲಿಸಿವೆ, ತಾವಾಗಿ ಏಳುವವರೆಗೆ ಡಯಾಲಿಸಿಸ್ ಮಾಡೋಣ ಎಂದರು. "ಏಳದಿದ್ದರೆ?" ಎಂದು ಇವರು ಕೇಳಿದರು. ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ಸಾಮಾನ್ಯವಾಗಿ ಏಳುತ್ತವೆ. ಕಾಯೋಣ," ಎಂದಷ್ಟೇ ಹೇಳಿದರು.

ಕಾಯುವುದು ಎಂದರೆ ಏನನ್ನು? ಮಂಚದ ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಚೀಲ ನೇತುಹಾಕಿದ್ದರು. ನನ್ನಿಂದ ಹೊರಟ ನಳಿಗೆ ಅದರಲ್ಲಿ ಹೋಗಿ ಮುಗಿಯುತ್ತಿತ್ತು. ಆ ಚೀಲದಲ್ಲಿ ಉಚ್ಚೆ ಬೀಳಬೇಕು. ತಳದಲ್ಲಿ ಚಹಾ ಬಣ್ಣದ ಒಂದಿಷ್ಟು ಬಿಟ್ಟರೆ ಅದು ಖಾಲಿ ಇತ್ತು. ಅಷ್ಟು ವರ್ಷ ಬಯಲಿನಲ್ಲಿ ಯಾವುದನ್ನು ಯಾರಿಗೂ ಗೊತ್ತಾಗದ ಹಾಗೆ ತಡೆದುಕೊಂಡು ಬಂದಿದ್ದೆನೋ, ಈಗ ಅದನ್ನೇ ಇಡೀ ವಾರ್ಡು ಕಾಯುತ್ತಿತ್ತು. ಬೆಳಿಗ್ಗೆ ಬಂದ ಡಾಕ್ಟರು ನನ್ನ ಮುಖಕ್ಕಿಂತ ಮೊದಲು ಚೀಲದ ಮುಖ ನೋಡುತ್ತಿದ್ದರು. ಚಿತ್ತಾಕುಲ ಊರಿನ ಸಿಸ್ಟರೊಬ್ಬರಿದ್ದರು, ಅವರು ಪಾಳಿ ಮುಗಿಸಿ ಹೋಗುವಾಗಲೂ ಒಮ್ಮೆ ಬಗ್ಗಿ ನೋಡಿ, "ಆಜೂನ್ ನಾ ಬಾಯೀ," ಎಂದು ಕೊಂಕಣಿಯಲ್ಲಿ ಹೇಳಿ ನನ್ನ ಕೈ ತಟ್ಟಿ ಹೋಗುತ್ತಿದ್ದರು. ಇನ್ನೂ ಇಲ್ಲ ಎಂದು. ನಮ್ಮನೆಯವರಿಗೆ ಉಚ್ಚೆ ಎಂಬ ಶಬ್ದ ಬಾಯಲ್ಲಿ ಬರುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಇಣುಕಿ, "ಎಂತಾರೂ ಸುದ್ದಿ ಉಂಟಾ?" ಎಂದು ಕೇಳುತ್ತಿದ್ದರು.

ನನಗೆ ನಾಚಿಕೆಯಾಯಿತು. ಆಮೇಲೆ ನಾಚಿಕೆ ಹೋಗಿ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಉಳಿದದ್ದು ಹೆದರಿಕೆ. ಅದನ್ನು ಮುಚ್ಚಿಡುವುದಿಲ್ಲ, ನನಗೆ ಬಹಳ ಹೆದರಿಕೆಯಾಗಿತ್ತು. ಸಾಯುವ ಹೆದರಿಕೆಯಲ್ಲ, ಅದು ಐಸಿನಲ್ಲೇ ಕಳೆದುಹೋಗಿತ್ತು. ಜೀವಮಾನವಿಡೀ ಈ ಯಂತ್ರದ ಪಕ್ಕ ಮಲಗಬೇಕಾದರೆ, ನನ್ನ ಬಯಲು ನನಗಿಲ್ಲದೆ ಹೋದರೆ, ಆಮೇಲೆ ನಾನು ಯಾರು ಎಂಬ ಹೆದರಿಕೆ. ಡಯಾಲಿಸಿಸ್ ನೋವಾಗುತ್ತದಾ ಎಂದು ಕೇಳುವವರಿಗೆ ಇಲ್ಲಿ ಉತ್ತರ ಹೇಳಿಬಿಡುತ್ತೇನೆ. ಸೂಜಿ ಹಾಕುವಾಗ ನೋವು. ಆಮೇಲೆ ಕಾಲು ಸೆಳೆಯುತ್ತದೆ, ಚಳಿಯಾಗುತ್ತದೆ, ಬೇಸರವಂತೂ ಹೇಳುವುದೇ ಬೇಡ. ತಡೆಯಲಾಗದ್ದು ಯಾವುದೂ ಇಲ್ಲ.

ಡಯಾಲಿಸಿಸ್ ಮಾಡುವ ಕೋಣೆಯಲ್ಲಿ ನನ್ನ ಪಕ್ಕದ ಮಂಚಕ್ಕೆ ಬರುತ್ತಿದ್ದವರು ಕಿನ್ನರ ಊರಿನ ಸುಲೋಚನಾ ಬಾಯಿ. ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತರಾದವರು. ಸಕ್ಕರೆ ಕಾಯಿಲೆಯಿಂದ ಕಿಡ್ನಿ ಹೋಗಿ ಅವರು ಯಂತ್ರಕ್ಕೆ ಬರತೊಡಗಿ ಬಹಳ ಕಾಲವಾಗಿತ್ತು. ಬಸ್ಸಿನಲ್ಲಿ ಬಂದು, ಚಪ್ಪಲಿ ನೆಟ್ಟಗೆ ಜೋಡಿಸಿಟ್ಟು, ಅಂಗಡಿಯ ಬಾಗಿಲು ತೆರೆಯುವವರ ಹಾಗೆ ನಿರಾಳವಾಗಿ ಮಂಚ ಏರುತ್ತಿದ್ದರು. ಅವರ ಕೈಚೀಲದಲ್ಲಿ ಚಿಕ್ಕ ಬಾಟಲಿಯೊಂದಿತ್ತು. ದಿನಕ್ಕೆ ಅವರು ಕುಡಿಯಬಹುದಾದ ನೀರೆಲ್ಲ ಅದರಲ್ಲಿತ್ತು. ಹೆಚ್ಚು ಕುಡಿದರೆ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಎದೆಗೆ ತುಂಬುತ್ತದೆ.

"ನೀನ್ ಯಾಕ್ ಬಂದದ್ದು?" ಎಂದು ಕೇಳಿದರು. ಹೇಳಿದೆ. ಬಯಲು, ಬಾಯಿ ಕಟ್ಟುವುದು, ಎಲ್ಲ ಹೇಳಿದೆ. ಅವರು ಬಾಟಲಿಯ ಮುಚ್ಚಳ ತೆರೆದು, ತುಟಿ ಒದ್ದೆಯಾಗುವಷ್ಟು ಕುಡಿದು, ಮತ್ತೆ ಮುಚ್ಚಿದರು.

"ಕೊಡ ಹತ್ರಾನೇ ಇತ್ತಾ?"

"ಇತ್ತು."

"ತುಂಬಿತ್ತಾ?"

"ತುಂಬಿತ್ತು, ಬಾಯೀ."

ಅವರು ಬೈಯಲಿಲ್ಲ. "ನಂಗೆ ಕನಸಲ್ಲೂ ನೀರೇ ಬರೂದು," ಎಂದರು. ನಾನು ಗೋಡೆಯ ಕಡೆ ಹೊರಳಿದೆ. ಆ ದಿನ ಅತ್ತಷ್ಟು ನಾನು ಆಸ್ಪತ್ರೆಯಲ್ಲಿ ಮತ್ತೆಂದೂ ಅಳಲಿಲ್ಲ.

ಅತ್ತೆ ಒಂದೇ ಸಲ ಬಂದರು. ಕಾರವಾರದ ಬಸ್ಸಿನಲ್ಲಿ ಅವರಿಗೆ ವಾಂತಿ ಬರುತ್ತದೆ, ಆದರೂ ಬಂದರು. ಕಷಾಯ ತಂದಿರಲಿಲ್ಲ. ಮಂಚದ ಹತ್ತಿರ ನಿಂತು ಚೀಲ ನೋಡಿ, ಅದು ಯಾಕೆ ಎಂದು ಕೇಳಿದರು. ಹೇಳಿದೆ. ಬಾಯಿ ಕಟ್ಟು ಎಂದು ಹೇಳಿಕೊಟ್ಟವರು ಅವರು, ಅದು ಅವರಿಗೂ ನೆನಪಾಯಿತೋ ಏನೋ. ನನ್ನ ಕಾಲು ಮುಚ್ಚಿದ್ದ ಬೆಡ್‌ಶೀಟು ಸರಿ ಮಾಡಿ ಹೊರಟುಹೋದರು.

ಎರಡನೆಯ ವಾರದ ಒಂದು ಬೆಳಿಗ್ಗೆ ಚಿತ್ತಾಕುಲದ ಸಿಸ್ಟರು ಎಂದಿನಂತೆ ಬಗ್ಗಿದವರು ಬಗ್ಗಿಯೇ ನಿಂತರು. ಆಮೇಲೆ ಇಡೀ ವಾರ್ಡಿಗೆ ಕೇಳುವ ಹಾಗೆ, "ಆಯ್ತು ಬಾಯೀ, ಆಯ್ತು," ಎಂದರು. ತಿಳಿಹಳದಿ, ತಳ ಮುಚ್ಚುವಷ್ಟು. ಮಧ್ಯಾಹ್ನದ ಹೊತ್ತಿಗೆ ಅರ್ಧ ಚೀಲ. ನಮ್ಮನೆಯವರು ಕೆಳಗೆ ಹೋಗಿ ಜಿಲೇಬಿ ತಂದು ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರಿಗೆಲ್ಲ ಹಂಚಿದರು. ಅಲ್ಲಿದ್ದ ಒಬ್ಬರು ಜಿಲೇಬಿ ತೆಗೆದುಕೊಂಡು, "ಗಂಡಾ ಹೆಣ್ಣಾ?" ಎಂದು ಕೇಳಿದರಂತೆ. ಇವರು ತಬ್ಬಿಬ್ಬಾಗಿ, "ಇಬ್ರೂ ಆರಾಮಿದ್ದಾರೆ," ಎಂದುಬಿಟ್ಟರಂತೆ. ಕಿಡ್ನಿ ಎರಡಲ್ಲವೇ, ತಪ್ಪೇನೂ ಹೇಳಿರಲಿಲ್ಲ.

ಅಂದಿನಿಂದ ನನಗೆ ನೀರು ಕುಡಿಯುವುದೇ ಕೆಲಸವಾಯಿತು. ಎದ್ದ ಕಿಡ್ನಿ ಕಟ್ಟೆ ಒಡೆದ ಹಾಗೆ ಹರಿಸುತ್ತದೆ, ಹೋದಷ್ಟನ್ನು ತುಂಬಬೇಕು. ಸುಲೋಚನಾ ಬಾಯಿಯ ಕಣ್ಣೆದುರಿಗೆ ಕುಡಿಯಲು ನನಗೆ ಮನಸ್ಸಾಗಲಿಲ್ಲ. ಲೋಟ ಹಿಡಿದುಕೊಂಡು ಆಚೆ ತಿರುಗಿದೆ. ಅವರಿಗೆ ಗೊತ್ತಾಯಿತು.

"ಈಚೆ ತಿರ್ಗಿ ಕುಡಿ," ಎಂದರು. "ಕುಡೂದ್ ನೋಡೂಕೂ ಚೆಂದ."

ನಾನು ಅವರ ಕಡೆ ತಿರುಗಿ ಲೋಟ ಖಾಲಿ ಮಾಡಿದೆ. ಅವರ ಗಂಟಲೂ ನನ್ನ ಜೊತೆಗೇ ಅಲುಗಾಡಿತು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಕೂರಿಸಿಕೊಂಡು, ದಿನಕ್ಕೆ ಎಷ್ಟು ನೀರು ಕುಡಿಯುತ್ತಿದ್ದಿರಿ ಎಂದು ಕೇಳಿದರು. ಒಂದು ಲೋಟ ಚಾ ಎಂದೆ. ಯಾಕೆ ಎಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ಕೆಳಗಿಟ್ಟು, "ನಾನೂ ಓದುವಾಗ ಡ್ಯೂಟಿಯಲ್ಲಿ ಹಾಗೇ ಮಾಡುತ್ತಿದ್ದೆ. ಅಲ್ಲಿ ಹೆಂಗಸರಿಗೆ ಒಂದೇ ಬಾತ್‌ರೂಮು, ಅದಕ್ಕೂ ಚಿಲಕ ಇರಲಿಲ್ಲ," ಎಂದರು. ನಾವಿಬ್ಬರೂ ಒಂದು ಗಳಿಗೆ ಬಯಲಿನ ಹೆಂಗಸರ ಹಾಗೆ ಮುಖ ಮುಖ ನೋಡಿದೆವು. ಮುಂದಿನ ಬೇಸಿಗೆಯಲ್ಲೂ ಬಯಲಿಗೆ ಹೋಗಬಹುದೇ ಎಂದು ಕೇಳಿದೆ. "ಹೋಗಬಹುದು. ಆದರೆ ಮೊದಲು ಹೋದ ಹಾಗೆ ಹೋಗುವಂತಿಲ್ಲ," ಎಂದರು. ಒಮ್ಮೆ ಹೀಗೆ ಬಿದ್ದ ಮೈ ಇನ್ನೊಮ್ಮೆ ಬೇಗ ಬೀಳುತ್ತದೆ, ಆಗ ಕಿಡ್ನಿ ಏಳದೆ ಹೋಗಬಹುದು ಎಂದೂ ಹೇಳಿದರು.

ಮನೆಗೆ ಬಂದವಳಿಗೆ ಬಿಸಿಲು ಕಂಡರೆ ಆಗುತ್ತಿರಲಿಲ್ಲ. ಅಂಗಳಕ್ಕೆ ಬಟ್ಟೆ ಹರವಲು ಹೋದರೂ ತೋಳು ಮುಟ್ಟಿ ಮುಟ್ಟಿ ಬೆವರಿದೆಯಾ ಎಂದು ನೋಡಿಕೊಳ್ಳುತ್ತಿದ್ದೆ. ಮಳೆ ಹಿಡಿದಾಗ ನಿದ್ದೆ ಬಂತು. ಜೀವನದಲ್ಲಿ ಮೊದಲ ಸಲ ಮೋಡಕ್ಕೆ ಬೈಯಲಿಲ್ಲ. ಮಳೆಗಾಲ ಕಳೆದು ದೋಣಿಗಳು ಮತ್ತೆ ಮೀನು ತರತೊಡಗಿದಾಗ ಅತ್ತೆ, "ಇನ್ ನೀ ಬಯಲಿಗ್ ಬರೂದ್ ಬೇಡ. ಮನಿಲಿ ಇರು," ಎಂದರು. ಪ್ರೀತಿಯಿಂದಲೇ ಅಂದದ್ದು. ಆದರೆ ನಾನು ಮನೆಯಲ್ಲಿ ಕೂತರೆ ನನ್ನ ಜಾಗದಲ್ಲಿ ಬಿಸಿಲಿಗೆ ಕೂರುವವರು ಅವರು, ಎಪ್ಪತ್ತು ದಾಟಿದ ಮುದುಕಿ, ಸಂಜೆಯವರೆಗೆ ಬಾಯಿ ಕಟ್ಟಿಕೊಂಡು. ನನ್ನ ಹೆದರಿಕೆಗೆ ಅದೇ ಮದ್ದಾಯಿತು. ಮರುದಿನ ಬೆಳಿಗ್ಗೆ ಬಯಲಿಗೆ ಹೋದೆ.

ಹೋಗಿ ಎರಡು ಮಾತು ಹೇಳಿದೆ. ನಮಗೆ ಒಂದು ಚಪ್ಪರ ಬೇಕು, ಒಂದು ಪಾಯಖಾನೆ ಬೇಕು. ಚಪ್ಪರಕ್ಕೆ ಎಲ್ಲರೂ ತಲೆ ಆಡಿಸಿದರು. ಎರಡನೆಯದಕ್ಕೆ ಒಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು, ಉಳಿದವರೂ ನಕ್ಕರು. ನಾನೂ ನಕ್ಕು, "ಹೋಗೂವಾಗ ಉರಿ ಯಾರ್ಗೆಲ್ಲಾ ಆಗ್ತದೆ, ಕೈ ಎತ್ತಿ," ಎಂದೆ. ನಗು ನಿಂತಿತು. ಮೊದಲು ಕೈ ಎತ್ತಿದವಳು ದೇವಕಿ. ಆಮೇಲೆ ಇನ್ನೊಬ್ಬಳು. ಒಬ್ಬಳಿಗೆ ಎರಡು ಸಲ ಕಿಡ್ನಿಯ ಕಲ್ಲು ತೆಗೆದಿದ್ದರಂತೆ, ನಮಗೆ ಯಾರಿಗೂ ಹೇಳಿರಲಿಲ್ಲ. ಅಷ್ಟು ವರ್ಷ ಒಟ್ಟಿಗೆ ಕೂತು ಊರಿನ ಎಲ್ಲ ಮನೆಗಳ ಸುದ್ದಿ ಆಡಿದ್ದೆವು, ಇದೊಂದನ್ನು ಬಿಟ್ಟು.

ಬಯಲಿನ ಅಂಚಿಗೆ ಹಳ್ಳದ ದಿಕ್ಕಿನಲ್ಲಿ ದೇವಕಿಯವರದ್ದೊಂದು ತೆಂಗಿನ ತುಂಡು ಜಾಗವಿದೆ. ಅಲ್ಲಿ ನಮ್ಮನೆಯವರೂ ದೋಣಿಯ ಇಬ್ಬರೂ ಸೇರಿ ಗುಂಡಿ ತೋಡಿ ಸಿಮೆಂಟಿನ ರಿಂಗು ಇಳಿಸಿದರು, ಚಿರೇಕಲ್ಲಿನ ಗೋಡೆ ಕಟ್ಟಿದರು, ತಗಡು ಹೊದೆಸಿದರು. ಒಳಗಿನಿಂದ ಹಾಕುವ ಚಿಲಕ ಗಟ್ಟಿಯಾದದ್ದೇ ಇರಲಿ ಎಂದು ನಾನೇ ಆರಿಸಿ ತಂದೆ. ಧಕ್ಕೆಯ ಗಂಡಸರು ಕೆಲವು ದಿನ ತಮಾಷೆ ಮಾಡಿದರು. ನಮ್ಮನೆಯವರು ಒಂದು ದಿನ ಅವರ ನಡುವೆ ಹೋಗಿ ಕೂತು ಬಂದರು. ಏನು ಹೇಳಿದರೋ ಗೊತ್ತಿಲ್ಲ, ಮತ್ತೆ ಯಾರೂ ಆ ದಾರಿಯಲ್ಲಿ ಹೋಗುವವಳನ್ನು ಎಲ್ಲಿಗೆ ಎಂದು ಕೇಳಲಿಲ್ಲ.

ಬಯಲಿನಲ್ಲಿ ಚಪ್ಪರ ಹಾಕಿದೆವು, ಕೆಲಸದ ಕ್ರಮವನ್ನೂ ಬದಲಿಸಿದೆವು. ಬೆಳಕು ಹರಿಯುವ ಮೊದಲೇ ಹರಡುತ್ತೇವೆ. ಹರಡಿದ ಮೀನಿನ ಮೇಲೆ ಕಂಬಕ್ಕೆ ಹಳೆಯ ಬಲೆ ಬಿಗಿಯುತ್ತೇವೆ, ಕಾಗೆ ಗಿಡುಗ ಇಳಿಯದ ಹಾಗೆ. ನಾಯಿ ಕಾಯಲು ಇಬ್ಬರು ಸಾಕು, ಅವರೂ ಚಪ್ಪರದ ಕೆಳಗೆ. ಉಳಿದವರು ಮನೆಗೆ. ಮಗುಚುವುದನ್ನು ನೆತ್ತಿಯ ಬಿಸಿಲಿಗೆ ಮೊದಲೇ ಮುಗಿಸುತ್ತೇವೆ. ಮೀನು ಮೊದಲಿನ ಹಾಗೇ ಒಣಗುತ್ತದೆ, ಅದಕ್ಕೆ ನಾವು ಪಕ್ಕದಲ್ಲಿ ಕೂತು ಒಣಗಬೇಕೆಂದೇನೂ ಇರಲಿಲ್ಲ. ತಲೆ ನೋವು ಎಂದವಳನ್ನು ಆ ದಿನ ಬಯಲಿಗೆ ಸೇರಿಸುವುದಿಲ್ಲ. ಗಂಜಿತಿಳಿಗೆ ಉಪ್ಪು ಹಾಕಿ ತರುತ್ತೇವೆ, ಕೋಕಂ ಪಾನಕ ತರುತ್ತೇವೆ, ಒಬ್ಬರಿಗೊಬ್ಬರು ಒತ್ತಾಯ ಮಾಡಿ ಕುಡಿಸುತ್ತೇವೆ. ಐಸಿನ ಪೆಟ್ಟಿಗೆಯೊಂದು ಚಪ್ಪರದಲ್ಲಿ ಇದ್ದೇ ಇರುತ್ತದೆ, ಮೀನಿಗಲ್ಲ. ನನಗೆ ಹೊಸದಾಗಿ ಬಂದಿರುವ ಕೆಟ್ಟ ಅಭ್ಯಾಸವೆಂದರೆ ಎಲ್ಲರ ತೋಳು ಮುಟ್ಟಿ ನೋಡುವುದು. ಬೆವರಿದ್ದರೆ ಬಿಡುತ್ತೇನೆ.

ತಪಾಸಣೆಗೆ ಕಾರವಾರಕ್ಕೆ ಹೋದಾಗಲೆಲ್ಲ ಸುಲೋಚನಾ ಬಾಯಿಯ ಮಂಚದ ಹತ್ತಿರ ಕೂತು ಬರುತ್ತೇನೆ. ಅವರಿಗೆ ಉಪ್ಪಿನ ಒಣಮೀನು ಕೊಡುವ ಹಾಗಿಲ್ಲ. ಬಯಲಿನ ಸುದ್ದಿ ಕೊಡುತ್ತೇನೆ. ಪಾಯಖಾನೆ ಕಟ್ಟಿದ ಸುದ್ದಿ ಕೇಳಿ ಅವರು ಸಿಸ್ಟರನ್ನು ಕರೆದು ಅವರಿಗೂ ಇನ್ನೊಮ್ಮೆ ಹೇಳಿಸಿದರು.

ಅತ್ತೆ ಮಾತ್ರ ಒಪ್ಪಲಿಲ್ಲ. ಚಪ್ಪರದ ನೆರಳಿಗೆ ಬಂದರು, ಹೊತ್ತು ಬದಲಿಸಿದ್ದಕ್ಕೂ ಒಪ್ಪಿದರು, ನೀರು ಮಾತ್ರ ಮುಟ್ಟಲಿಲ್ಲ. "ಆ ಡಬ್ಬಿ ಒಳ್ಗೆ ನಾ ಹೋಗೂದಿಲ್ಲಾ. ನಿಮ್ದೆಲ್ಲಾ ನೀವ್ ಮಾಡ್ಕಣಿ," ಎಂದು ಮೊದಲ ಬೇಸಿಗೆ ಕಳೆದರು. ನಾನು ಬೈದೆ, ಗೋಗರೆದೆ, ಇವರ ಬಾಯಲ್ಲಿ ಹೇಳಿಸಿದೆ. ಡಾಕ್ಟರಮ್ಮ ಹೇಳಿದರು ಎಂದು ಸುಳ್ಳು ಕೂಡ ಹೇಳಿದೆ. ಊಹೂಂ. ಅಷ್ಟು ವರ್ಷದ ಹಟ ಅದು. ಅವರ ಒಣಗಿದ ತುಟಿ ನೋಡಿದಾಗೆಲ್ಲ ನನಗೆ ನನ್ನ ಖಾಲಿ ಚೀಲ ಕಾಣುತ್ತಿತ್ತು. ಅವರ ವಯಸ್ಸಿಗೆ ಏಳುವ ಕಿಡ್ನಿ ಯಾವುದು?

ಈ ಏಪ್ರಿಲ್‌ನಲ್ಲಿ ಒಂದು ದಿನ, ಕಾಯುವ ಪಾಳಿ ನನ್ನದೂ ಅತ್ತೆಯದೂ ಆಗಿತ್ತು. ದೇವಕಿ ಮತ್ತು ಇನ್ನೂ ಒಂದಿಬ್ಬರು ಹಾಗೇ ಹರಟೆಗೆ ಕೂತಿದ್ದರು. ಹೊರಗೆ ಮರಳು ಕಣ್ಣು ಕುಕ್ಕುತ್ತಿತ್ತು. ಅತ್ತೆ ಯಾರಿಗೂ ಏನೂ ಹೇಳದೆ ಕೋಲು ಊರಿ ಎದ್ದರು. ಸೆರಗು ತಲೆಗೆ ಹೊದ್ದು, ತೆಂಗಿನ ಮರಗಳ ಕಡೆ ನಿಧಾನ ನಡೆದರು. ದೇವಕಿ ಬಾಯಿ ತೆರೆದವಳು ನನ್ನ ಕಣ್ಣು ನೋಡಿ ಮುಚ್ಚಿದಳು. ನಾವೆಲ್ಲ ಮುಖ ತಿರುಗಿಸಿ ಸಮುದ್ರ ನೋಡುತ್ತ ಕೂತೆವು. ಚಿಲಕ ಹಾಕಿದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ತೆಗೆದ ಸದ್ದೂ ಕೇಳಿತು.

ಅವರು ಬಂದು ಮೊದಲು ಕೂತಿದ್ದಲ್ಲೇ ಕೂತರು. ಕೋಲನ್ನು ಪಕ್ಕಕ್ಕೆ ಇಟ್ಟರು. "ಒಂದ್ ಚೊಂಬು ನೀರ್ ಕೊಡು," ಎಂದರು. ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದು, ನಡುವೆ ಉಸಿರು ಬಿಡದೆ, ಪೂರಾ ಕುಡಿದರು. ಗಲ್ಲದಿಂದ ಇಳಿದ ನೀರನ್ನು ಒರೆಸಿಕೊಳ್ಳಲಿಲ್ಲ. ಖಾಲಿ ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ಬಯಲನ್ನು ನೋಡುತ್ತ ಕೂತಿದ್ದರು.

"ನನ್ ಅತ್ತೆಗೂ ಬಾಯಾರ್ತಿತ್ತೇನಾ," ಎಂದರು. "ಇಲ್ಲೇ ಕೂತ್ಕಂತಿತ್ತು, ನನ್ ಪಕ್ಕ. ನಾ ಒಂದಿನಾನೂ ಕೇಳ್ಲಿಲ್ಲಾ."

ನಾನು ಅವರ ಮಡಿಲಿಂದ ಚೊಂಬು ತೆಗೆದುಕೊಂಡು ಮತ್ತೆ ತುಂಬಿಸಿ ಕೊಟ್ಟೆ.